ಬಾಸಿಲ್ ಸೇದದ ಸಿಗರೇಟು

ಬಾಸಿಲ್ ಹುಟ್ಟಿದಾಗಿನಿಂದ ಒಂದು ಸಿಗರೇಟೂ ಸೇದಿದವನಲ್ಲ. ಸಿಗರೇಟು ಸೇದುತ್ತಾನೆಂದೇ ನಮ್ಮ ಬಾಬಾ, ಅಂದರೆ ಅಪ್ಪ, ಅವನನ್ನು ಬೇಡವೆಂದರು. ಈ ಎರಡು ಮಾತುಗಳ ನಡುವೆ ಸಿಕ್ಕಿಬಿದ್ದವಳು ನಾನು, ಲುಬ್ನಾ. ಅಮ್ಮಾನ್ ನಗರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಎದೆರೋಗದ ಡಾಕ್ಟರು.

ನಮ್ಮಲ್ಲಿ ಗಂಡು ಡಾಕ್ಟರುಗಳಿಗೆ ಸೇದಲು ಯಾರ ಅಪ್ಪಣೆಯೂ ಬೇಡ. ಧೂಮಪಾನ ನಿಷೇಧದ ಬೋರ್ಡಿನ ಕೆಳಗೇ ಕುರ್ಚಿ ಎಳೆದುಕೊಂಡು, ಖಾಲಿ ಟೀ ಲೋಟಕ್ಕೆ ಬೂದಿ ಕೊಡವುತ್ತಾ ರೋಗಿಗಳ ಬಗ್ಗೆ ಚರ್ಚಿಸುತ್ತಾರೆ. ಹೊಸಬರು ಬಂದರೆ ಹೆಸರು ಕೇಳುವ ಮೊದಲು ಪ್ಯಾಕೆಟ್ ಮುಂದೆ ಹಿಡಿಯುತ್ತಾರೆ. ಹೆಣ್ಣು ಡಾಕ್ಟರಿಗೆ ಆ ಭಾಗ್ಯವಿಲ್ಲ. ಅವಳು ಸೇದುತ್ತಾಳೆಂದು ಗೊತ್ತಾದರೆ ಸಾಕು, ಅವಳ ಓದು, ಮನೆತನ, ನಡತೆ ಎಲ್ಲವೂ ಜನರ ಬಾಯಿಗೆ ಬೀಳುತ್ತವೆ. ಹಾಗಾಗಿ ನನ್ನ ಜಾಗ ಲಾಂಡ್ರಿಯ ಹಿಂದಿನ ತಾರಸಿ.

ಅಲ್ಲಿಗೇ ಬಾಸಿಲ್ ಒಂದು ದಿನ ಗಾಳಿಗೆಂದು ಬಂದ. ಅರಿವಳಿಕೆ ಕೊಡುವ ಡಾಕ್ಟರು, ಕಣ್ಣಲ್ಲಿ ಸದಾ ಒಂದು ತುಂಟತನ.

"ಡಾಕ್ಟ್ರೇ, ಬೆಳಿಗ್ಗೆ ಒಬ್ಬ ಮುದುಕನಿಗೆ 'ಇವತ್ತೇ ಬಿಡಿ, ಇಲ್ಲಾಂದ್ರೆ ಸಾಯ್ತೀರಿ' ಅಂತ ಗದರಿಸಿದ್ದು ನೀವೇ ತಾನೆ?"

"ಅವರಿಗೆ ಹೇಳಿದ್ದು ಸರಿಯಾಗೇ ಇತ್ತು."

"ನಿಮಗೆ ಯಾರು ಹೇಳ್ತಾರೆ?"

"ಯಾರೂ ಇಲ್ಲ."

"ಹಾಗಾದ್ರೆ ನಾನು ಹೇಳ್ತೀನಿ. ದಿನಕ್ಕೊಂದು ಸಲ, ಊಟ ಆದ್ಮೇಲೆ."

ಹೇಳಿದಂತೆಯೇ ದಿನಾ ಬಂದ. ಹೊಗೆ ತಾಗಿದರೆ ಸೀನುತ್ತಿದ್ದ, ಆದರೂ ದೂರ ಹೋಗುತ್ತಿರಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಾ, "ಕೈ ಚೆನ್ನಾಗಿದೆ, ಹಿಡಿದಿರೋದು ಚೆನ್ನಾಗಿಲ್ಲ" ಅನ್ನುತ್ತಿದ್ದ. ಅವನು ನೋಡಲಿ ಎಂದೇ ನಾನು ನಿಧಾನವಾಗಿ ಹಚ್ಚುತ್ತಿದ್ದೆ.

ಅಮ್ಮ ಸೇದಿದವಳಲ್ಲ. ನಲವತ್ತು ವರ್ಷ ಬಾಬಾ ಬಿಟ್ಟ ಹೊಗೆಯನ್ನು ಕುಡಿದು, ನನ್ನ ವಾರ್ಡಿನಲ್ಲೇ ತೀರಿಕೊಂಡಳು. ಅವಳನ್ನು ಮಣ್ಣುಮಾಡಿದ ದಿನ ಬಾಬಾ ಸಿಗರೇಟು ಬಿಟ್ಟರು. ಅಷ್ಟರಲ್ಲಿ ಅವರ ಮೂಗು ವಾಸನೆಯನ್ನೇ ಮರೆತಿತ್ತು, ಹಾಗಾಗಿ ನನ್ನ ಮೈಮೇಲಿನ ಹೊಗೆ ಅವರಿಗೆ ತಿಳಿಯಲಿಲ್ಲ. ಅದೇ ತಿಂಗಳು ನಾನು ಶುರುಮಾಡಿದ್ದೆ. ಅಮ್ಮನ ಉಸಿರು ನಿಂತದ್ದನ್ನು ಕಂಡವಳು ಹೇಗೆ ಸೇದುತ್ತಾಳೆಂದು ಕೇಳಬೇಡಿ. ಗೊತ್ತಿದ್ದರೆ ಬಿಟ್ಟಿರುತ್ತಿದ್ದೆ.

ಒಂದು ಮಧ್ಯಾಹ್ನ ನನಗೆ ಊಟದ ಡಬ್ಬಿ ತಂದ ಬಾಬಾ, ಯಾರನ್ನೋ ಕೇಳಿಕೊಂಡು ನೇರ ತಾರಸಿಗೇ ಬಂದುಬಿಟ್ಟರು. ಬಾಗಿಲು ಕಿರ್ರೆಂದಿತು. ಬಾಸಿಲ್ ನನ್ನ ಬೆರಳಿನಿಂದ ಸಿಗರೇಟನ್ನು ಕಿತ್ತುಕೊಂಡ.

"ಇದು ನಂದು ಚಿಕ್ಕಪ್ಪ. ನಿಮ್ಮ ಮಗಳು ಬೈತಾ ಇದ್ರು." ಹಿರಿಯರನ್ನು ನಮ್ಮಲ್ಲಿ ಚಿಕ್ಕಪ್ಪ ಎಂದೇ ಕರೆಯುತ್ತಾರೆ.

"ಬೈಲಿ. ಇವಳಮ್ಮ ಒಂದು ದಿನಾನೂ ಬೈಲಿಲ್ಲ," ಎಂದರು ಬಾಬಾ. ನನಗೆ ಅವನ ಮೇಲೆ ಪ್ರೀತಿ ಉಕ್ಕಿದ್ದು ಆ ಗಳಿಗೆಯಲ್ಲಿ. ನಾನು ಹಾಳಾದದ್ದೂ ಆಗಲೇ.

ಎರಡು ತಿಂಗಳ ಮೇಲೆ, ಒಂದು ಶುಕ್ರವಾರ, ಹಿರಿಯರನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದ. ಹುಡುಗಿಯ ಕಡೆಯವರು ಒಪ್ಪುವವರೆಗೆ ಬಂದವರು ಕಾಫಿ ಮುಟ್ಟುವುದಿಲ್ಲ. ಬಟ್ಟಲು ಹಾಗೇ ಕೂತಿತ್ತು. ನಾನು ಅಡುಗೆಮನೆ ಬಾಗಿಲ ಹಿಂದಿದ್ದೆ.

"ಈ ಹುಡುಗ ಸೇದ್ತಾನೆ. ನಾನೇ ಕಣ್ಣಾರೆ ಕಂಡಿದೀನಿ," ಎಂದರು ಬಾಬಾ.

ಬಾಸಿಲನ ಸೋದರಮಾವ ನಕ್ಕುಬಿಟ್ಟರು. "ಇವನಾ? ಹೊಗೆ ಕಂಡ್ರೆ ಸೀನ್ತಾನೆ!"

"ನೀನೇ ಹೇಳಪ್ಪ," ಎಂದು ಬಾಬಾ ಅವನ ಕಡೆ ತಿರುಗಿದರು.

ಬಾಸಿಲ್ ಬಾಗಿಲ ಕಡೆ ನೋಡಿದ. ನಾನು ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬಾಗಿಲ ಹಿಂದೆಯೇ ಉಳಿದೆ.

"ಸೇದ್ತೀನಿ ಚಿಕ್ಕಪ್ಪ. ಬಿಟ್ಟುಬಿಡ್ತೀನಿ."

"ನಾನೂ ಇವಳಮ್ಮನಿಗೆ ಹಾಗೇ ಹೇಳ್ಕೊಂಡು ಬಂದಿದ್ದೆ," ಎಂದು ಬಾಬಾ ಎದ್ದು ನಿಂತರು. ಕಾಫಿ ಮುಟ್ಟದೆ ಎಲ್ಲರೂ ಹೊರಟರು.

ಕೆಲವು ವಾರಗಳ ಮೇಲೆ ತಾರಸಿಯಲ್ಲಿ ಅವನ ಕೈಯಲ್ಲೊಂದು ಕಾಗದವಿತ್ತು, ದೂರದ ಅಕಾಬಾ ಊರಿಗೆ ವರ್ಗ. ತಾನೇ ಕೇಳಿ ಪಡೆದದ್ದು.

"ಮುಂದಿನ ಭಾನುವಾರ ಹೊರಡ್ತೀನಿ. ಅಷ್ಟರೊಳಗೆ ನಿಮ್ಮಪ್ಪನಿಗೆ ನಿಜ ಹೇಳು ಲುಬ್ನಾ. ನಾನು ಹೇಳಿದ್ರೆ ನಿನ್ನನ್ನ ಹಿಡಿದುಕೊಟ್ಟಂಗಾಗತ್ತೆ. ನೀನೇ ಹೇಳ್ಬೇಕು."

ವಾರವೆಲ್ಲ ಹೆದರಿ, ಶನಿವಾರ ಬೆಳಿಗ್ಗೆ ರೊಟ್ಟಿ ಮುರಿಯುತ್ತಿದ್ದ ಬಾಬಾಗೆ ಹೇಳಿದೆ. "ಅವತ್ತಿನ ಸಿಗರೇಟು ನಂದು ಬಾಬಾ. ಬಾಸಿಲ್ ಸೇದೋದೇ ಇಲ್ಲ."

ಬಾಬಾ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ನಕ್ಕರು. "ಅಷ್ಟು ಇಷ್ಟಾನಾ ಅವನು? ಅವನ ತಪ್ಪನ್ನ ನಿನ್ನ ಮೈಮೇಲೆ ಹಾಕ್ಕೊಳ್ಳೋಷ್ಟು?"

"ನಿಜ ಹೇಳ್ತಿದೀನಿ!"

"ನಿನ್ನಮ್ಮನೂ ಹೀಗೇ. ಕೆಮ್ಮು ಬಂದ್ರೆ ಧೂಳು ಅಂತಿದ್ಲು. ನನ್ನ ಹೊಗೆ ಅಂತ ಒಂದು ದಿನಾನೂ ಅನ್ಲಿಲ್ಲ."

ಬ್ಯಾಗಿನಿಂದ ಪ್ಯಾಕೆಟ್ ತೆಗೆದು ಒಂದನ್ನು ತುಟಿಗಿಟ್ಟೆ. ಲೈಟರಿನ ಮೇಲೆ ಹೆಬ್ಬೆರಳಿತ್ತು. ಕೆಮ್ಮದೆ ಒಂದು ದಮ್ಮು ಎಳೆದಿದ್ದರೆ ನಂಬುತ್ತಿದ್ದರು.

ಬಾಬಾ ಕೈ ಚಾಚಿದರು. ಸಿಗರೇಟನ್ನು ತೆಗೆದರು. ಅಂಗಿಯ ತೋಳಿನಿಂದ ನನ್ನ ತುಟಿ ಒರೆಸಿದರು, ಹಾಲು ಕುಡಿದ ಮಗುವಿಗೆ ಒರೆಸುವ ಹಾಗೆ. ಅವರ ಕಣ್ಣು ತುಂಬಿತ್ತು.

"ಬೇಡ ಮಗಾ. ಆಟಕ್ಕೂ ಬೇಡ. ನಾನು ಹಾಳುಮಾಡದೆ ಉಳಿದಿರೋ ಉಸಿರು ಅಂದ್ರೆ ನಿಂದೊಂದೇ."

ಹೆಬ್ಬೆರಳು ಅಲ್ಲಾಡಲಿಲ್ಲ.

ಭಾನುವಾರ ಬಸ್ ನಿಲ್ದಾಣಕ್ಕೆ ಹೋದೆ. ನನ್ನ ಮುಖ ನೋಡಿಯೇ ಅವನಿಗೆ ಅರ್ಧ ತಿಳಿಯಿತು.

"ಹೇಳಿದ್ಯಾ?"

"ಹೇಳಿದೆ. ನಂಬಲಿಲ್ಲ. ನಿನ್ನನ್ನ ಉಳಿಸೋಕೆ ಸುಳ್ಳು ಹೇಳ್ತಿದೀನಿ ಅಂದ್ಕೊಂಡ್ರು."

"ಹಚ್ಚಿ ತೋರಿಸ್ಬೇಕಿತ್ತು."

"ನನ್ನ ತುಟಿ ಒರೆಸಿದ್ರು, ಬಾಸಿಲ್."

"ಹಾಗಾದ್ರೆ ನನ್ನ ಕೈಲೂ ಆಗ್ತಿರಲಿಲ್ಲ," ಎಂದ. ನನ್ನ ಬೆರಳುಗಳನ್ನು ಒಮ್ಮೆ ಹಿಡಿದು, ಬಿಟ್ಟು, ಬಸ್ ಹತ್ತಿದ. ನೀನಂದ್ರೆ ನನಗೆ ಪ್ರಾಣ ಎಂದು ನಾನು ಹೇಳಿದಾಗ ಬಸ್ ತಿರುವು ದಾಟಿತ್ತು.

ಈಗಲೂ ಮನೆಗೆ ಯಾರಾದರೂ ಬಂದರೆ ಬಾಬಾ ಹೆಮ್ಮೆಯಿಂದ ಹೇಳುತ್ತಾರೆ, ಇವಳನ್ನು ಒಬ್ಬ ಸೇದುವವನ ಕೈಯಿಂದ ಉಳಿಸಿದೆ ಎಂದು. ಪಕ್ಕದಲ್ಲೇ ಕೂತಿರುವ ನಾನು, "ಹೌದು ಬಾಬಾ" ಎನ್ನುತ್ತೇನೆ.