ತೀರಿಕೊಂಡವನ ಹಾಜರಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿಯ ತುದಿಯಲ್ಲಿ ಕುಳಿತು, ಯಾರ ಮೇಲೋ ಚಾಡಿ ಹೇಳುವವಳಂತೆ ದನಿ ತಗ್ಗಿಸಿದಳು.

"ಮೇಡಂ, ನಮ್ಮೆಜಮಾನ್ರು ತೀರಿಕೊಂಡು ನಾಲ್ಕು ವರ್ಷ ಆಯ್ತು. ಹೋದ ತಿಂಗಳು ಅವರಿಗೆ ಸಂಬಳ ಜಾಸ್ತಿ ಆಗಿದೆಯಂತೆ."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಬಾಯಿಗೆ ಕೈ ಅಡ್ಡ ಹಿಡಿದ. ಇನ್‌ಸ್ಪೆಕ್ಟರ್ ಅವನನ್ನು ಕಣ್ಣಲ್ಲೇ ಗದರಿ, ಪೆನ್ನು ಕೈಗೆತ್ತಿಕೊಂಡರು.

"ಯಾರು ಹೇಳಿದ್ದು?"

"ವೀಸಾ ಆಫೀಸಿನವರು. ಫೋನ್ ಮಾಡಿದ್ರು. ನಿಮ್ಮ ಯಜಮಾನರು ನುರಿತ ಕೆಲಸಗಾರರ ವೀಸಾಕ್ಕೆ ಅರ್ಜಿ ಹಾಕಿದ್ದಾರೆ, ಹಿಂದಿನ ಸಂಪಾದನೆಗೆ ಪುರಾವೆ ಕೊಟ್ಟಿದ್ದಾರೆ, ತಾಳೆ ನೋಡ್ತಿದ್ದೀವಿ ಅಂದ್ರು. ಈಗಲೂ ಅದೇ ವರ್ಕ್‌ಶಾಪಲ್ಲಿ ಇದ್ದಾರಾ ಅಂತ ಕೇಳಿದ್ರು."

"ನೀವೇನಂದ್ರಿ?"

ಅವಳು ಕೈಚೀಲದ ಹಿಡಿಯನ್ನು ತಿರುಚಿದಳು. "ಇದ್ದಾರೆ ಅಂದ್ಬಿಟ್ಟೆ ಮೇಡಂ. ಯಾಕೋ ಗೊತ್ತಿಲ್ಲ. ಅವರು ಇದ್ದಾರಾ ಅಂತ ಯಾರಾದ್ರೂ ಕೇಳಿ ಎಷ್ಟು ಕಾಲ ಆಗಿತ್ತು."

ಗಂಡ ಬಾಯ್ಲರ್ ವೆಲ್ಡರ್ ಆಗಿದ್ದ. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದವನು. ಕೆಲಸ ಮಾಡುವಾಗ ಸದಾ ಸಿಳ್ಳೆ ಹಾಕುತ್ತಿದ್ದುದರಿಂದ ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ 'ಸಿಳ್ಳೆ' ಆಗಿಬಿಟ್ಟಿದ್ದ. ಒಂದು ರಾತ್ರಿ ಮಲಗಿದವನು ಮತ್ತೆ ಏಳಲಿಲ್ಲ.

ಫೋರ್ಜರಿ ಮತ್ತು ಸೋಗು ಹಾಕಿ ವಂಚಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಹೆಂಗಸು ಹೊರಟ ಮೇಲೆ ಹೆಡ್ ಕಾನ್‌ಸ್ಟೆಬಲ್ ತಡೆಯಲಾರದೆ ಹೇಳಿದ: "ಸತ್ತೋರಿಗೂ ಸಂಬಳ ಏರುತ್ತೆ ಮೇಡಂ. ನಮಗೆ ಮಾತ್ರ ಏರಲ್ಲ."

ವೀಸಾ ಆಫೀಸು ಮೊದಲು ಕಳಿಸಿದ್ದು ಸಂಬಳದ ಚೀಟಿಗಳ ನಕಲು ಮಾತ್ರ. ಫೋಟೊ ಬೇಕಾದರೆ ಲಿಖಿತ ಮನವಿ ಬರಲಿ ಎಂದಿತ್ತು. ಚೀಟಿಗಳೆಲ್ಲ ಮರಣ ಪ್ರಮಾಣಪತ್ರದ ನಂತರದವು. ತಿಂಗಳು ತಪ್ಪದೆ ಸಹಿ ಬಿದ್ದಿತ್ತು. ಇನ್‌ಸ್ಪೆಕ್ಟರ್ ಹೆಂಗಸನ್ನು ಮತ್ತೆ ಕರೆಸಿ ತೋರಿಸಿದರು. ಅವಳು ಕೊನೆಯ ಅಕ್ಷರದ ಬಾಲದ ಮೇಲೆ ಬೆರಳಾಡಿಸಿದಳು.

"ಇದು ಅವರದ್ದೇ ಕೈ ಮೇಡಂ. ಆಣೆ ಮಾಡಿ ಹೇಳ್ತೀನಿ."

ಹದಿನಾಲ್ಕರಂದು ಮಧ್ಯಾಹ್ನ ಇನ್‌ಸ್ಪೆಕ್ಟರ್ ವರ್ಕ್‌ಶಾಪಿಗೆ ಹೋದರು. ಮಾಲೀಕ ಹೊರಗೆ ಹೋಗಿದ್ದ. ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಫೋರ್‌ಮನ್ ಎದುರಿಗೆ ಬಂದ. ಸತ್ತವನ ಹೆಸರು ಹೇಳಿ, ಅವನು ಸಿಗುತ್ತಾನಾ ಎಂದು ಇನ್‌ಸ್ಪೆಕ್ಟರ್ ಸುಮ್ಮನೆ ಕೇಳಿದರು.

"ಸಿಳ್ಳೆನಾ? ಒಳಗಿದ್ದಾನೆ ಮೇಡಂ."

ಶೆಡ್ಡಿನ ನಡುವೆ ಲಾರಿಯಷ್ಟು ದೊಡ್ಡ ಹಳೆಯ ಬಾಯ್ಲರ್ ಮಲಗಿತ್ತು. ಅದರ ಪಕ್ಕೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿ. ಕಿಂಡಿಯಿಂದ ನೀಲಿ ಬೆಳಕು ಬಂದು ಬಂದು ಆರುತ್ತಿತ್ತು. ಬೆಳಕು ಆರಿದಾಗಲೆಲ್ಲ ಒಳಗಿನ ಕತ್ತಲೆಯಿಂದ ಸಿಳ್ಳೆ ಕೇಳಿಸುತ್ತಿತ್ತು. ಕಬ್ಬಿಣದ ಹೊಟ್ಟೆಯಲ್ಲಿ ಸುತ್ತಿ ಹೊರಬರುವಾಗ ಆ ಸದ್ದಿಗೆ ಮನುಷ್ಯನ ಬಾಯಿಂದ ಬಂದದ್ದೆಂಬ ಗುರುತೇ ಉಳಿದಿರಲಿಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಹೆಣಗಳಿಗೇನೂ ಬರವಿರಲಿಲ್ಲ. ಆದರೂ ಇನ್‌ಸ್ಪೆಕ್ಟರ್ ಕಿಂಡಿಯತ್ತ ಇಟ್ಟ ಹೆಜ್ಜೆಯನ್ನು ಅಲ್ಲೇ ತಡೆದರು. ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ.

ಫೋರ್‌ಮನ್ ತಗಡಿನ ಮೇಲೆ ಸ್ಪ್ಯಾನರ್‌ನಿಂದ ಬಡಿದು ಕೂಗಿದ. "ಸಿಳ್ಳೇ!"

ಸಿಳ್ಳೆ ನಿಂತಿತು.

"ಏನಣ್ಣಾ?" ಎಂದಿತು ಒಳಗಿನ ದನಿ.

ಮೊದಲು ಎರಡು ಕೈ ಬಂದವು, ಆಮೇಲೆ ಮುಖಕ್ಕೆ ಮುಸುಕಿದ ಕಪ್ಪು ಗುರಾಣಿ. ಗುರಾಣಿ ಎತ್ತಿದಾಗ ಕಂಡದ್ದು ಮೂವತ್ತೈದರ ಬಡಕಲು ಮುಖ. ತೀರಿಕೊಂಡವನಿಗೆ ಐವತ್ತಾಗಿತ್ತು.

ಫೋರ್‌ಮನ್‌ನನ್ನು ಬದಿಗೆ ಕರೆದು ಇನ್‌ಸ್ಪೆಕ್ಟರ್ ಕೇಳಿದರು: "ಸಿಳ್ಳೆ ಸತ್ತಿದ್ದು ನಿಮಗೆ ಗೊತ್ತಿಲ್ವಾ?"

"ನಾವೇ ಹೆಗಲು ಕೊಟ್ವಿ ಮೇಡಂ." ಫೋರ್‌ಮನ್ ನೆಲ ನೋಡಿದ. "ಅದಾದ ಸೋಮವಾರ ಹಾಜರಿ ಕರೀತಿದ್ದೆ. ಪಟ್ಟಿಯಿಂದ ಹೆಸರು ತೆಗೀಬೇಡ ಅಂದಿದ್ರು ಮಾಲೀಕರು. ಕರೆದೆ. ಶೆಡ್ಡೆಲ್ಲ ಗಪ್‌ಚಿಪ್. ಹಿಂದಿನಿಂದ ಇವನು 'ಬಂದಿದ್ದೀನಿ' ಅಂದ. ಮೊದಮೊದಲು ನಮಗೂ ಒಂಥರಾ ಆಗ್ತಿತ್ತು. ಆಮೇಲೆ ಒಗ್ಗಿಹೋಯ್ತು."

ಪಂಚರ ಎದುರು, ಬಾಯ್ಲರ್‌ನಿಂದ ಹೊರಬಂದವನ ಲಾಕರ್ ತೆರೆಸಿ ಪಂಚನಾಮೆ ಬರೆಸಿದರು. ಸತ್ತವನ ಬೂಟು, ಅವನ ಬೆಲ್ಟು, ಅವನದೇ ಹೆಸರಿನ ಪಾಸ್‌ಪೋರ್ಟ್. ನವೀಕರಿಸಿದ ಪಾಸ್‌ಪೋರ್ಟಿನಲ್ಲಿ ಈ ಬಡಕಲು ಮುಖದ ಫೋಟೊ. ಜೊತೆಗಿದ್ದ ವೀಸಾ ಅರ್ಜಿಯ ಪ್ರತಿಯಲ್ಲಿ, ಸತ್ತವನ ದಾಖಲೆಯಿಂದ ಇಳಿಸಿಕೊಂಡ ತುರ್ತು ಸಂಪರ್ಕದ ನಂಬರ್ ಮಾತ್ರ ಹಳೆಯದು, ಆ ಹೆಂಗಸಿನದು. ಬದಲಾಯಿಸಲು ಮರೆತಿದ್ದ.

ವಿಚಾರಣೆ ಅಂದೇ ಸಂಜೆ ಶುರುವಾಯಿತು.

"ಹೆಸರು?"

ಅವನು ಸತ್ತವನ ಹೆಸರು ಹೇಳಿದ.

"ಅದಲ್ಲ. ನಿನ್ನದು."

ಅವನು ಕತ್ತಲಲ್ಲಿ ಕೈಯಾಡಿಸಿ ವಸ್ತು ಹುಡುಕುವವನ ಹಾಗೆ ಕಾಣುತ್ತಿದ್ದ. ಕೊನೆಗೆ ಹೆಸರು ಹೇಳಿ, "ಹಾಗೆ ಕರೆಯೋರು ಯಾರೂ ಇಲ್ಲ ಮೇಡಂ" ಎಂದ.

"ಸಹಿ ಎಲ್ಲಿ ಕಲಿತೆ?"

"ಅವರ ಕೈಕೆಳಗೆ ಆರು ವರ್ಷ ಇದ್ದೆ. ಬೆಸುಗೆ ಹಾಕೋದು ಕಲಿತಿದ್ದೂ ಅವರಿಂದಲೇ. ಕಣ್ಣು ನೋವು ಬಂದ್ರೆ ಚೀಟಿಗೆ ನೀನೇ ಗೀಚಪ್ಪಾ ಅಂತಿದ್ರು."

"ಸತ್ತ ಮೇಲೂ ಗೀಚಿದ್ದು ಯಾಕೆ?"

"ಸರ್ಟಿಫಿಕೇಟ್ ಇರೋ ವೆಲ್ಡರ್ ಇಲ್ಲದಿದ್ರೆ ವರ್ಕ್‌ಶಾಪಿನ ಲೈಸೆನ್ಸ್ ಹೋಗುತ್ತೆ. ಸದ್ಯಕ್ಕೆ ನೀನೇ ಸಿಳ್ಳೆ ಆಗಿರು, ನಿನ್ನ ಹೆಸರು ಆಮೇಲೆ ಸೇರಿಸ್ತೀನಿ ಅಂದ್ರು ಮಾಲೀಕರು. ಸೇರಿಸಲೇ ಇಲ್ಲ. ಪರೀಕ್ಷೆಗೆ ಕೂರ್ತೀನಿ ಅಂದ್ರೆ, ನೀನು ಇಲ್ಲಿ ಕೆಲಸಕ್ಕೇ ಇಲ್ವಲ್ಲೋ ಅಂತ ನಗ್ತಿದ್ರು."

"ವೀಸಾಕ್ಕೆ ನಿನ್ನ ಹೆಸರಲ್ಲಿ ಹಾಕಬಹುದಿತ್ತು."

"ಮೊದಲು ಹಂಗೇ ಹಾಕೋಕೆ ಹೋಗಿದ್ದೆ. ಇಷ್ಟು ವರ್ಷ ಎಲ್ಲಿ ದುಡಿದೆ, ಪುರಾವೆ ತಾ ಅಂದ್ರು. ನನ್ನ ಹತ್ರ ಏನಿದೆ? ಬೆಸುಗೆ ಹಾಕಿದ ಬಾಯ್ಲರ್ ಹೊತ್ಕೊಂಡು ಹೋಗಲಾ?" ಅವನು ಸುಟ್ಟ ಕಲೆಗಳಿದ್ದ ಕೈಗಳನ್ನು ಮೇಜಿನ ಮೇಲಿಟ್ಟ. "ಆ ಚೀಟಿಲಿರೋ ಸಂಬಳ ಸುಳ್ಳಲ್ಲ ಮೇಡಂ. ಪ್ರತಿ ತಿಂಗಳೂ ದುಡಿದಿದ್ದು ನಾನೇ."

"ಹೆಸರೊಂದು ಸುಳ್ಳು."

"ಹೌದು. ಹೆಸರೊಂದೇ."

"ಅಲ್ಲಿಗೆ ಹೋದ ಮೇಲೂ ಸಾಯೋತನಕ ನೀನು ಅವನಾಗೇ ಇರಬೇಕಿತ್ತಲ್ಲಯ್ಯಾ?"

ಅವನು ಯೋಚಿಸಿದ. "ಇಲ್ಲೂ ಹಂಗೇ ಇದ್ದೆ. ಅಲ್ಲಿ ಸಿಳ್ಳೆ ಸತ್ತಿದ್ದಾನೆ ಅಂತ ಯಾರಿಗೂ ಗೊತ್ತಿರ್ತಿರಲಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತು, ಆದ್ರೂ ಕರೀತಾರೆ. ಕರೆದಾಗೆಲ್ಲ, ತೀರಿಕೊಂಡ ಅವರ ಜೊತೆ ನಾನೂ ಹೋಗ್ಬಿಟ್ಟಿದ್ದೀನೇನೋ ಅನ್ಸುತ್ತೆ."

ಹೆಡ್ ಕಾನ್‌ಸ್ಟೆಬಲ್ ಕಿಟಕಿಯತ್ತ ಮುಖ ತಿರುಗಿಸಿಕೊಂಡು ನಿಂತಿದ್ದ.

ಬಂಧನದ ಮೆಮೊ ಸಿದ್ಧವಾಯಿತು. ಹದಿನೈದರಂದು ಮಾಲೀಕನನ್ನೂ ಅವನ ಮನೆಯಿಂದಲೇ ಕರೆತಂದು ಎರಡನೆಯ ಆರೋಪಿ ಮಾಡಿದರು. ತನಗೇನೂ ತಲೆಬುಡ ಗೊತ್ತಿಲ್ಲವೆಂದು ಅವನು ವಾದಿಸಿದ. ಫೋರ್‌ಮನ್‌ನ ಹೇಳಿಕೆ ಓದಿ ಹೇಳಿದ ಮೇಲೆ ವಕೀಲರನ್ನು ಕೇಳಿದ.

ಕೋರ್ಟಿಗೆ ಕರೆದೊಯ್ಯಲು ಜೀಪು ಬಂದಾಗ ವೆಲ್ಡರ್ ಬಾಗಿಲಲ್ಲಿ ತಡೆದು ನಿಂತ.

"ಮೇಡಂ, ಚಾರ್ಜ್‌ಶೀಟ್ ಅಂತಾರಲ್ಲ, ಅದರಲ್ಲಿ ನಾನು ಅಲ್ಲಿ ಕೆಲಸ ಮಾಡ್ತಿದ್ದೆ ಅಂತ ಇರುತ್ತಾ?"

"ಇರಲೇಬೇಕು. ಯಾವಾಗಿಂದ, ಯಾವ ಕೆಲಸ, ಎಷ್ಟು ಸಂಬಳ, ಎಲ್ಲ ಬರೀಬೇಕು."

"ನನ್ನ ಹೆಸರಲ್ಲಿ?"

"ನಿನ್ನ ಹೆಸರಲ್ಲೇ."

ಅವನು ಬೇಡಿ ತೊಡಿಸಿದ ಕೈಯಿಂದಲೇ ಅಂಗಿಯ ಕಾಲರ್ ಸರಿಮಾಡಿಕೊಂಡ. ಆಮೇಲೆ, ಕೇಳಬಹುದೋ ಕೇಳಬಾರದೋ ಎಂಬ ಅಳುಕಿನಲ್ಲಿ ಕೇಳಿದ:

"ಅದರದೊಂದು ಕಾಪಿ ನನಗೆ ಸಿಗುತ್ತಾ ಮೇಡಂ?"