ಒಂದೇ ಸೀಟಿನ ಕಾರು

ಬ್ರೇಕ್ ಒತ್ತಿದೆ. ಪೆಡಲ್ ಸೀದಾ ನೆಲಕ್ಕಿಳಿಯಿತು!

ಸ್ಪೀಡು ನೂರಾ ಇಪ್ಪತ್ತು. ದೂರದಲ್ಲಿ ಅದಿರಿನ ಪುಡಿಯ ಗುಡ್ಡೆ... ಮನಸ್ಸಿನಲ್ಲೇ ದೇವರನ್ನು ಎರಡು ಸಲ ಕರೆದೆ. ಅವ್ವನನ್ನು ಮೂರು ಸಲ.

ಪತ್ತೇದಾರ ಜಂಬುನಾಥ ಅಂದರೆ ಹೊಸಪೇಟೆಯ ಲಾರಿ ಕಳ್ಳರೆಲ್ಲ ನಡುಗುತ್ತಾರೆ. ಹಾಗಂತ ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಹೆಲ್ಮೆಟ್ಟಿನ ಸ್ಪೀಕರಿನಲ್ಲಿ ಒಂದು ಚೀರಾಟ. ಡ್ರೈವರ್ ಮೌನೇಶನ ದನಿ.

"ಹ್ಯಾಂಡ್‌ಬ್ರೇಕ್ ಎಳಿ ಜಂಬಣ್ಣ! ಹ್ಯಾಂಡ್‌ಬ್ರೇಕ್!"

ಎಳೆದೆ. ಕಾರು ಬುಗುರಿಯಂತೆ ಎರಡು ಸುತ್ತು ತಿರುಗಿತು. ಗುಡ್ಡೆಯೊಳಗೆ ಮೂತಿ ತೂರಿಸಿ ನಿಂತಿತು. ಸುತ್ತ ಕೆಂಪು ಧೂಳು.

ಬದುಕಿದ್ದೆ!

ಕಾರು ಕಂಪ್ಲಿಯ ಶೈಲಜಾ ಮೇಡಂ ಅವರದು. ರೈಸ್‌ಮಿಲ್ಲಿನ ಒಡತಿ. ಈ ಸಲ ತಾವೇ ರೇಸು ಓಡಿಸಬೇಕೆಂದು, ರೋಡಿನಲ್ಲಿ ಓಡಾಡುತ್ತಿದ್ದ ಸ್ಪೋರ್ಟ್ಸ್ ಕಾರನ್ನು ರೇಸ್ ಟ್ರ್ಯಾಕಿಗೆ ಸಿದ್ಧ ಮಾಡಿಸುತ್ತಿದ್ದರು. ಮರಿಯಮ್ಮನಹಳ್ಳಿ ರಸ್ತೆಯ ಶೆಡ್ಡಿನಲ್ಲಿ ಮೆಕ್ಯಾನಿಕ್ ಮಾರೆಪ್ಪ ಎಸಿ ಕಿತ್ತ, ಮ್ಯಾಟು ಕಿತ್ತ, ಪಕ್ಕದ ಸೀಟನ್ನೂ ಕಿತ್ತ. ಪಲ್ಟಿಯಾದರೂ ತಲೆ ಉಳಿಯಲಿ ಎಂದು ಒಳಗೆಲ್ಲ ಉಕ್ಕಿನ ಪೈಪಿನ ಪಂಜರ ಬೆಸೆದ. ಹೋದ ವಾರ ಯಾರೋ ಚಕ್ರದ ನಟ್ಟು ಸಡಿಲ ಮಾಡಿದ್ದರು. ಅದಕ್ಕೇ ಮೇಡಂ ನನ್ನನ್ನು ಕರೆಸಿದ್ದು.

"ಮೊದ್ಲು ನಾ ಓಡಿಸಿ ನೋಡ್ತೀನ್ರಿ ಮೇಡಂ," ಅಂದೆ ಎದೆ ಉಬ್ಬಿಸಿ.

ಎದೆಗಿಂತ ಹೊಟ್ಟೆಯೇ ಮುಂದೆ ಬಂತು. ಪಂಜರದೊಳಗೆ ನನ್ನನ್ನು ತುರುಕಲು ಇಬ್ಬರು ಬೇಕಾಯಿತು.

ಸಂಡೂರಿನಾಚೆ, ನಿಂತುಹೋದ ಗಣಿಯೊಂದರ ಯಾರ್ಡಿನಲ್ಲಿ ಟೆಸ್ಟು. ಅದರ ಫಲವೇ ಇದು!

ಬೈಕಿನಲ್ಲಿ ಮೊದಲು ಬಂದವನು ಮೌನೇಶ. ಎರಡು ವರ್ಷದಿಂದ ಮೇಡಂ ಪರವಾಗಿ ರೇಸು ಓಡಿಸುತ್ತಿದ್ದವನು. ನನ್ನ ಕಡೆ ನೋಡಲೂ ಇಲ್ಲ. ಸ್ಪ್ಯಾನರ್ ಹಿಡಿದು ಮುಂದಿನ ಚಕ್ರದ ಹತ್ತಿರ ಕೂತ.

ಆಗ ನನಗೆ ಹೊಳೆಯಿತು. ತಡವಾಗಿ... ಯಾವಾಗಲೂ ಹಾಗೇ.

"ಲೇ ಮೌನೇಶ... ಬ್ರೇಕ್ ಹೋಗೈತಿ ಅಂತ ನಾ ಬಾಯೇ ಬಿಟ್ಟಿದ್ದಿಲ್ಲ. ನಿನಗ ಹೆಂಗ ಗೊತ್ತಾತು?"

ಅವನ ಕೈ ನಿಂತಿತು.

"ಸಡಿಲ ಮಾಡಿದ್ದ ಬ್ರೇಕ್ ಪೈಪಿನ ನಟ್ಟು ಬಿಗಿ ಮಾಡಿ ಹೋಗ್ತೀನಿ. ನೀ ಸುಮ್ನಿರು."

"ಇಲ್ಲಾಂದ್ರ?"

ಸ್ಪ್ಯಾನರ್ ಬೀಸಿದ! ಕಿಟಕಿಯ ಪ್ಲಾಸ್ಟಿಕ್ ಶೀಟು ಸೀಳಿತು. ಠಣ್! ಏಟು ಪೈಪಿಗೆ ಬಿತ್ತು. ಮಾರೆಪ್ಪನ ಬೆಸುಗೆ ಗಟ್ಟಿ... ನನ್ನ ಗುಂಡಿಗೆ ಅಷ್ಟು ಗಟ್ಟಿಯಿರಲಿಲ್ಲ.

ಇಳಿದು ನಾಲ್ಕು ಬಾರಿಸೋಣವೆಂದರೆ ಬೆಲ್ಟು! ಭುಜಕ್ಕೆ, ಸೊಂಟಕ್ಕೆ, ತೊಡೆಗೆ... ಎಲ್ಲೆಲ್ಲೂ ಬೆಲ್ಟು. ಬಿಚ್ಚುವುದು ಹೇಗೆಂದು ತಡಕಾಡುತ್ತ ಏನನ್ನೋ ಎಳೆದೆ.

ಅದು ಬೆಂಕಿ ಆರಿಸುವ ಸಿಲಿಂಡರು!

ಬುಸ್ಸ್... ಬಿಳಿ ಪುಡಿ ಕಿಟಕಿಯಿಂದ ನುಗ್ಗಿ ಮೌನೇಶನ ಮುಖಕ್ಕೆ ಬಡಿಯಿತು. ಕಣ್ಣು ಕಾಣದೆ ಓಡಿದ. ಅದಿರಿನ ಗುಡ್ಡೆಯಲ್ಲಿ ಮೊಣಕಾಲವರೆಗೆ ಹೂತುಕೊಂಡ. ಅಷ್ಟರಲ್ಲಿ ಹಿಂದೆಯೇ ಬಂದ ಜೀಪಿನಿಂದ ಧುಮುಕಿದ ಶೈಲಜಾ ಮೇಡಂ ಅವನ ಕಾಲರ್ ಹಿಡಿದರು.

"ಯಾಕಲೇ ಮೌನೇಶ?"

"ಎಲ್ಲಾ ರೇಸಿಗೂ ನಾನ ಹೋಗ್ತಿದ್ದೆ ಅಕ್ಕಾರ... ಈಗ ಸೀಟು ಒಂದಾತು. ಅದ್ರಾಗ ನೀವು ಕುಂತ್ರಿ!" ಅತ್ತೇಬಿಟ್ಟ. "ಕೊಲ್ಲಾಕಲ್ರಿ... ಹೆದ್ರಿ ಸ್ಟೇರಿಂಗ್ ಬಿಡ್ತೀರಿ, ರೇಸು ಮತ್ತ ನನಗ ಸಿಗತೈತಿ ಅನ್ಕಂಡೆ."

ಮೇಡಂ ಕಾಲರ್ ಬಿಡದೆ, ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಫೋನ್ ಮಾಡಿದರು.

ಮಾರೆಪ್ಪ ಬ್ರೇಕಿಗೆ ಹೊಸ ಪೈಪು ಹಾಕಿದ. ಮುಂದಿನ ವಾರ ಮೇಡಂ ಟ್ರ್ಯಾಕಿಗೆ ಇಳಿದರು. ಹದಿನಾಲ್ಕು ಕಾರುಗಳಲ್ಲಿ ಒಂಬತ್ತನೆಯವರಾಗಿ ಬಂದು, ಕಪ್ ಗೆದ್ದವರಂತೆ ಕುಣಿದರಂತೆ!

ಮೌನೇಶನ ಲೆಕ್ಕಾಚಾರ ಪೂರ್ತಿ ತಪ್ಪಲಿಲ್ಲ ನೋಡಿ... ಹೆದರಿ ಸ್ಟೇರಿಂಗ್ ಬಿಟ್ಟವನು ಒಬ್ಬನಿದ್ದಾನೆ. ಈಗ ಕಂಪ್ಲಿಗೆ ಬಸ್ಸಿನಲ್ಲೇ ಹೋಗುತ್ತೇನೆ... ಅದೂ ಕೊನೆಯ ಸಾಲಿನಲ್ಲಿ!