ಬೋರ್ಡಿನ ಬೆನ್ನು

"ಇದರಾಗ ನಿಮ್ಮ ಕೂಲಿ ಎಲ್ಲೈತ್ರೀ?"

ಇಂದುಮತಿಯ ಮೈಯೆಲ್ಲ ಉರಿದುಹೋಯಿತು.

ಮೂರು ದಿನ ಶ್ಯಾಮ್‌ಬಜಾರಿನ ಬಣ್ಣದಂಗಡಿ, ಮರದಂಗಡಿ ಸುತ್ತಿ, ದರ ಕೇಳಿ, ಗುಂಡಗಿನ ಅಕ್ಷರದಲ್ಲಿ ಬರೆದು ತಂದ ಚೀಟಿ ಅದು. ಈ ಮನುಷ್ಯ ಅದನ್ನು ಬಾಳೆಕಾಯಿಯ ಸಿಪ್ಪೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದಾನೆ!

"ನಾಲ್ಕಡಿ ಮೂರಡಿ ಪ್ಲೈವುಡ್, ಐನೂರು. ಪ್ರೈಮರ್ ತೊಂಬತ್ತು. ಮೂರು ಬಣ್ಣ ಎನಾಮೆಲ್, ನೂರೆಪ್ಪತ್ತು. ಕುಂಚ, ಟರ್ಪೆಂಟೈನ್ ತೊಂಬತ್ತು. ಎಂಟುನೂರ ಐವತ್ತು ಆತು. ನೀವು ಬರಿಯೋದಕ್ಕ?"

"ಅದು... ಇದು ನನ್ನ ಮೊದಲನೇ ಬೋರ್ಡು. ಅದಕ್ಕೇ ಹಾಕಿಲ್ಲ."

"ಪುಕ್ಕಟೆ ಮಾಡೋರ ಕೆಲಸ ನನಗ ಬ್ಯಾಡ್ರೀ. ಅಲ್ಲಾ, ತಗಡು ಯಾಕ ಬ್ಯಾಡ?"

"ತಗಡಿಗೆ ಮರದ ಚೌಕಟ್ಟು ಬೇರೆ ಮಾಡಿಸಬೇಕು. ಅಂಚು ಬೇಗ ತುಕ್ಕು ಹಿಡಿಯುತ್ತೆ. ಇದು ವಾಟರ್‌ಪ್ರೂಫ್ ಪ್ಲೈ, ನಾನು ಕೇಳಿಯೇ ಬರೆದಿದ್ದೀನಿ."

"ಫ್ಲೆಕ್ಸ್‌ನವ ಅರ್ಧ ದಿನದಾಗ ಕೊಡ್ತಾನ."

"ಹಾಗಿದ್ರೆ ಅವನ ಹತ್ರಾನೇ ಹೋಗಿ!"

ಆತ ತಲೆಯೆತ್ತಿ ನೋಡಿದ. ಬೆವರು, ಹಿಟ್ಟು ಮೆತ್ತಿದ ಮುಖ, ನಗು ಕಾಣದ ಕಣ್ಣು. ಹೆಸರು ಭರತೇಶ. ಹುಬ್ಬಳ್ಳಿಯವನು. ಕನ್ನಡದ ಹುಡುಗರ ಮೆಸ್ಸಿಗೆ ಅಡುಗೆಯವನಾಗಿ ಕಲ್ಕತ್ತೆಗೆ ಬಂದು, ನಾಲ್ಕು ವರ್ಷ ದುಡಿದು, ಈಗ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ತಾಯಿಯ ಹೆಸರಲ್ಲಿ ಖಾನಾವಳಿ ಇಡಲು ಹೊರಟಿದ್ದ. ಎರಡು ಸಾವಿರದ ನಾಲ್ಕನೇ ಇಸವಿ. ಸುತ್ತ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು, ಕಂಪ್ಯೂಟರ್ ಕಂಪನಿಗಳ ಹುಡುಗರು ಊಟಕ್ಕೆ ಬೀದಿ ಬೀದಿ ಅಲೆಯುತ್ತಿದ್ದರು.

ಇಂದುಮತಿ ಚೀಟಿ ಕಿತ್ತುಕೊಂಡು ಕೆಳಗೆ ಬರೆದಳು: ಕೂಲಿ, ನಾನೂರು. ಸಿಟ್ಟಿಗೆ ಬರೆದದ್ದು! ಬೇಡ ಅನ್ನಲಿ, ಹೊರಟುಬಿಡೋಣ ಅಂತ.

"ಹ್ಞೂ. ಹದಿನೈದು ದಿನದಾಗ ಕೊಡ್ರಿ" ಅಂದು ಅವನು ಒಳಗೆ ಹೋದ.

'ಏನು ಜನಾನೋ! ಹೊಗಳಿದನೋ, ಉಗಿದನೋ?'

ಆ ಬೋರ್ಡಿನ ಮೇಲೆ ಅವಳ ಬದುಕೇ ನಿಂತಿತ್ತು. ತಂದೆ ರಾಜಗೋಪಾಲರು ರೈಲ್ವೆ ಗುಮಾಸ್ತರು. ಸೆಪ್ಟೆಂಬರಿನಲ್ಲಿ ನಿವೃತ್ತಿ. ಡಮ್ ಡಮ್ಮಿನ ಕ್ವಾರ್ಟರ್ಸ್ ಬಿಟ್ಟು ಮೈಸೂರಿಗೆ ಹೊರಡುವವರು. ಮಗಳಿಗೆ ಒಂದೇ ಮಾತು ಹೇಳಿದ್ದರು.

"ದುರ್ಗಾ ಪೂಜೋ ಹೊತ್ತಿಗೆ ನಿನ್ನ ಕಾಲ ಮೇಲೆ ನಿಂತು ತೋರಿಸು, ಇಲ್ಲೇ ಇರು. ಆಗಲಿಲ್ಲವೋ, ಗಂಟು ಕಟ್ಟು."

ಹುಟ್ಟಿದ್ದು, ಬೆಳೆದದ್ದು, ಅಕ್ಷರ ತಿದ್ದಿದ್ದು ಎಲ್ಲ ಈ ಊರಲ್ಲಿ. ಮೈಸೂರು ಅವಳಿಗೆ ಬೇಸಿಗೆ ರಜೆಯ ಊರು, ಅಷ್ಟೆ.

ಹಗಲಿರುಳು ಕೂತು ಬರೆದಳು. ಹಸಿರು ನೆಲ, ಹಳದಿ ಅಕ್ಷರ, ಕೆಂಪು ನೆರಳು. ಮೇಲೆ ಕನ್ನಡ, ಕೆಳಗೆ ಬಂಗಾಳಿ: ಗಂಗೂಬಾಯಿ ಖಾನಾವಳಿ.

ಹದಿನೈದನೇ ದಿನ ಆಟೋದಲ್ಲಿ ತಂದು ಇಳಿಸಿದಾಗ ಗಂಗೂಬಾಯಿ ಹೊರಗೆ ಬಂದರು. ಓದು ಬಾರದ ಹೆಂಗಸು. ಸೆರಗಿಗೆ ಕೈ ಒರೆಸಿ ಅಕ್ಷರ ಸವರಿದರು.

"ಇದು ನಾನೇನ, ನನ್ನವ್ವ? ಇಷ್ಟ ಚಂದ ಅದೀನೇನ ನಾನು?"

ಇಂದುಮತಿ ಅವರ ಬೆರಳು ಹಿಡಿದು ಒಂದೊಂದೇ ಅಕ್ಷರ ಓದಿ ತೋರಿಸಿದಳು.

ಅಷ್ಟರಲ್ಲಿ ಭರತೇಶ ಬಂದ. ಒಂದು ಗಳಿಗೆ ನೋಡಿದ. ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ, ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿಬಿಟ್ಟ!

"ಇವತ್ತ ಏರ್ಸೋದಿಲ್ಲ" ಅಂದ. "ನೋಡ್ರಿಲ್ಲೆ, ಇದು..."

"ನೋಡೋದೇನಿದೆ?" ಅವಳು ನಡುವೆಯೇ ಬಾಯಿ ಹಾಕಿದಳು. "ಇಷ್ಟ ಆಗಲಿಲ್ಲ ಅಂದ್ರೆ ಬಾಯಲ್ಲಿ ಹೇಳಿ. ನಿಮ್ಮಮ್ಮನ ಹೆಸರನ್ನ ಗೋಡೆಗೆ ಮುಖ ಮಾಡಿ ನಿಲ್ಲಿಸ್ತೀರಲ್ಲ... ದೂರ್!" ಛೀ ಎನ್ನುವ ಬಂಗಾಳಿ ಮಾತು ತಾನಾಗಿ ಬಾಯಿಗೆ ಬಂತು. "ನಿಮ್ಮಂಥವರಿಗೆ ಫ್ಲೆಕ್ಸೇ ಸರಿ!"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅವಳು ದುಡ್ಡು ಇಸಿದುಕೊಂಡು ತಿರುಗಿ ನೋಡದೆ ಹೋದಳು.

ಆದರೆ ಮನಸ್ಸು ಕೇಳಬೇಕಲ್ಲ! ಮರುದಿನ ಉಲ್ಟಾಡಾಂಗಾದಿಂದ ಆಟೋ ಹಿಡಿದು ಆ ದಾರಿಯಲ್ಲೇ ಹೋದಳು. ಬೋರ್ಡು ಏರಿರಲಿಲ್ಲ. ಎರಡನೇ ದಿನ... ಇಲ್ಲ. ಮೂರನೇ ದಿನ... ಇಲ್ಲ. ನಾಲ್ಕನೇ ದಿನ ಹೋಗಲೇ ಇಲ್ಲ. ದಿಂಬಿಗೆ ಮುಖವಿಟ್ಟು ಅತ್ತಳು.

'ನನ್ನ ಮೊದಲ ಕೆಲಸ... ಅದಕ್ಕೆ ಬೆನ್ನು ತಿರುಗಿಸಿದನಲ್ಲ, ಪಾಪಿ!'

ಆ ಹಟಕ್ಕೇ ಮನೆ ಹತ್ತಿರದ ದರ್ಜಿ ಶ್ಯಾಮಸುಂದರ ಬಾಬುವಿನ ಬೋರ್ಡು ಹಿಡಿದಳು. ಅದೇ ಪ್ಲೈ, ಅದೇ ಬಣ್ಣ. ಬೀದಿಯವರು ಮೆಚ್ಚಿದರು. ಇನ್ನಿಬ್ಬರು ಅಂಗಡಿಯವರು, ಮಳೆ ಕಳೆಯಲಿ, ನಾವೂ ಬರೆಸುತ್ತೇವೆ ಎಂದರು.

ಮಳೆ ಬಂತು. ಕಲ್ಕತ್ತೆಯ ಮಳೆ ಬಂದ ನೆಂಟನಲ್ಲ, ಮನೆ ಅಳಿಯ. ಮೂರು ತಿಂಗಳು ಹೊರಡಲೇ ಇಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಶ್ಯಾಮಸುಂದರ ಬಾಬು ಬೋರ್ಡನ್ನು ಹೊತ್ತು ತಂದು ರಾಜಗೋಪಾಲರ ಎದುರಿಗೇ ಇಳಿಸಿದ. ಅಂಚು ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಂಡಿತ್ತು. ಅಕ್ಷರಗಳು ಬೊಬ್ಬೆ ಎದ್ದಿದ್ದವು.

"ನೋಡಮ್ಮಾ, ನಾನು ಹೊಲಿದ ಅಂಗಿ ಒಂದೇ ಮಳೆಗೆ ಹೀಗಾದರೆ ಗಿರಾಕಿ ನನ್ನನ್ನು ಬಿಡುತ್ತಾನಾ?"

ಕಾಯುತ್ತಿದ್ದ ಇಬ್ಬರೂ ಹಿಂದೆ ಸರಿದರು. ತಂದೆ ಎದ್ದು ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸಿ ಧೂಳು ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು...

'ಹಾಗಾದರೆ ಅವನ ಬೋರ್ಡೂ, ಆಮೇಲೆ ಏರಿಸಿದ್ದರೆ, ಹೀಗೇ ಆಗಿರುತ್ತೆ. ನಕ್ಕಿರುತ್ತಾನೆ... ಇಲ್ಲ, ನಾನೇ ಇಳಿಸಿ ತಂದುಬಿಡ್ತೀನಿ. ದುಡ್ಡು ಮುಖಕ್ಕೆ ಎಸೆದು ಬರ್ತೀನಿ!'

ಸೆಕ್ಟರ್ ಫೈವ್‌ನಲ್ಲಿ ಆಟೋ ಇಳಿದವಳು ಅಲ್ಲೇ ನಿಂತುಬಿಟ್ಟಳು.

ಗಂಗೂಬಾಯಿ ಖಾನಾವಳಿ. ಹಸಿರು ಹಸಿರಾಗಿಯೇ ಇತ್ತು. ಹಳದಿ ನಿನ್ನೆ ಬಳಿದ ಹಾಗಿತ್ತು. ಕೂದಲೆಳೆಯಷ್ಟೂ ಬಿರುಕಿಲ್ಲ.

"ಇಳಿಸಿ ಅದನ್ನ" ಅಂದಳು, ಕುಶಲ ಕ್ಷೇಮ ಏನೂ ಇಲ್ಲದೆ.

ಭರತೇಶ ಬೆಚ್ಚಿದ. "ಯಾಕ್ರೀ?"

"ಇಳಿಸ್ತೀರೋ, ನಾನೇ ಹತ್ತಲೋ?"

ಏಣಿ ಇಟ್ಟು ಇಳಿಸಿದ. ಈ ಸಲ ಬೋರ್ಡನ್ನು ತಿರುಗಿಸಿದವಳು ಅವಳೇ.

ಹಿಂಬದಿಗೆಲ್ಲ ಬೂದು ಬಣ್ಣ. ಒಂದಲ್ಲ, ಮೂರು ಕೋಟು. ನಾಲ್ಕೂ ಅಂಚಿಗೆ ಬೆರಳಿಟ್ಟು ತೀಡಿದ ದಪ್ಪ ಬಣ್ಣ. ನೀರಿನ ಹನಿ ನುಗ್ಗಲು ಸೂಜಿಮೊನೆಯಷ್ಟೂ ಜಾಗವಿಲ್ಲ.

ಅವಳು ಬರೀ ಮುಂದೆ ಬಳಿದಿದ್ದಳು. ಜನ ನೋಡುವ ಕಡೆ. ಮಳೆ ಹಿಂದಿನಿಂದಲೂ ಬರುತ್ತದೆ ಎಂದು ಯಾವ ಅಂಗಡಿಯವನೂ ಹೇಳಿರಲಿಲ್ಲ.

"ಆ ನಾಲ್ಕು ದಿನ..." ಅವಳು ಬೂದು ಬಣ್ಣದ ಮೇಲೆ ಬೆರಳಾಡಿಸಿದಳು.

"ಒಣಗಾಕ ಬೇಕಲ್ರೀ" ಅಂದ ಅವನು, ನೆಲ ನೋಡುತ್ತ. "ನಮ್ಮಪ್ಪ ಹುಬ್ಬಳ್ಳ್ಯಾಗ ಅಂಗಡಿ ಬೋರ್ಡ್ ಬರೀತಿದ್ದ. ನನ್ನ ಅಕ್ಷರ ಕಾಗಿ ಕಾಲು. ಅದಕ್ಕ ಮುಂದ ಅಪ್ಪ, ಹಿಂದ ನಾ. ಹಿಂದ ಬಳಿಯೋದಷ್ಟ ನನಗ ಬರ್ತಿತ್ತು. ಅವ್ವನ ಹೆಸರ ಮಷೀನ್ ಬರಿಯೋದು ಬ್ಯಾಡ ಅಂತ ನಿಮ್ಮ ಕಡೆ ಬಂದಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಾಕ ಬಾಯಿ ತೆಗದೆ. ನೀವು ದೂರ್ ಅಂದು ಹೋದ್ರಿ."

"ಆಮೇಲೆ? ಮೂರು ತಿಂಗಳಿತ್ತಲ್ಲ! ನೀವು ಒಂದು ಮಾತು ಹೇಳಿದ್ರೆ ದರ್ಜಿ ಶ್ಯಾಮಸುಂದರ ಬಾಬು ಬೋರ್ಡು ಮಳೆಗೆ ಹಾಳಾಗದೆ ಉಳೀತಿತ್ತು. ಅಪ್ಪ ನನ್ನನ್ನೂ ಮೈಸೂರಿಗೆ ಹೊರಡಿಸೋಕೆ ಟ್ರಂಕು ಇಳಿಸ್ತಿರಲಿಲ್ಲ!" ಅವಳು ಅಳುತ್ತಲೇ ಕೂಗಿದಳು. "ನನ್ನ ತಪ್ಪನ್ನ ಬೂದು ಬಣ್ಣದಲ್ಲಿ ಮುಚ್ಚಿಟ್ಟು ದೊಡ್ಡ ಮನುಷ್ಯ ಆದ್ರಾ?"

ಭರತೇಶನ ಮುಖ ಕಂದಿತು.

"ತಪ್ಪು ತೋರ್ಸಿದ್ರ ಕುಂಚ ಕೆಳಗ ಇಡ್ತೀರಿ ಅಂತ ಅಂಜಿದೆ. ದಿನಾ ಮುಂಜಾನಿ ಬಾಗಿಲಾ ತೆಗಿಯೋ ಮುಂದ ಆ ಅಕ್ಷರ ನೋಡ್ತೀನಿ... ಅಂಥಾ ಕೈ ನಿಂದರಬಾರ್ದು ಅನಿಸ್ತು. ಆದ್ರ ನೀವು ಅಂದದ್ದು ಖರೇ. ಹೇಳಬೇಕಿತ್ತು. ತಪ್ಪು ನಂದು."

ಒಳಗಿನಿಂದ ಗಂಗೂಬಾಯಿಯ ಧ್ವನಿ ಬಂತು. "ಜಗಳಾ ಸಾಕು ಮಾಡ್ರಿ! ಆ ದರ್ಜಿ ಬೋರ್ಡು ಮತ್ತ ಬರೀರಿ. ಹೊಟ್ಟಿ ಹಸದಿರಬೇಕು, ಬಾ ಯವ್ವಾ, ಮೊದಲ ಒಂದ ರೊಟ್ಟಿ ತಿನ್ನು."

ಮರುದಿನ ಖಾನಾವಳಿಯ ಹಿಂದಿನ ಶೆಡ್ಡಿನಲ್ಲಿ ಹೊಸ ಹಲಗೆ ನೆಟ್ಟಗೆ ನಿಂತಿತು. ಈ ಕಡೆ ಸ್ಟೂಲಿನ ಮೇಲೆ ಇಂದುಮತಿ, ಆ ಕಡೆ ಭರತೇಶ. ನಡುವೆ ಅರ್ಧ ಇಂಚು ಮರ. ಒಬ್ಬರ ಮುಖ ಒಬ್ಬರಿಗೆ ಕಾಣದು. ಕುಂಚದ ಸದ್ದು ಮಾತ್ರ ಕೇಳುತ್ತಿತ್ತು.

ಹೊಸ ದರದ ಚೀಟಿ ಗೋಡೆಗೆ ಅಂಟಿಸಿತ್ತು. ಅದರಲ್ಲಿ ಎರಡು ಸಾಲು ಹೆಚ್ಚಿದ್ದವು: ಬೆನ್ನು ಮತ್ತು ಅಂಚು, ನೂರೈವತ್ತು. ಕೂಲಿ, ನಾನೂರು.

"ಇಂದುಮತಿ..." ಆಚೆಯಿಂದ ಬಂತು. ಮೊದಲ ಸಲ ಅವನು ಹೆಸರು ಹಿಡಿದು ಕರೆದದ್ದು.

"ಏನು?"

"ಅಪ್ಪಾರು ಹೊರಡೋದು ಯಾವಾಗ?"

"ದಶಮಿ ಆದ ಮೂರನೇ ದಿನ."

"ನೀವು?"

ಅವಳ ಕುಂಚ ನಿಂತಿತು. "ಒಂದು ಬೋರ್ಡು ನೆಚ್ಚಿಕೊಂಡು ಊರಲ್ಲಿ ಉಳೀತೀಯಾ ಅಂತಾರೆ ಅಪ್ಪ. ಇನ್ನೊಂದು ಗಟ್ಟಿ ಕಾರಣ ಬೇಕಂತೆ."

ಆಚೆಯ ಕುಂಚವೂ ನಿಂತಿತು.

"ಆ ಕಾರಣ... ನಾ ಆಗಬಹುದೇನ್ರೀ?"

ಇಂದುಮತಿಯ ಕುಂಚದಿಂದ ಹಳದಿ ಬಣ್ಣದ ಹನಿಯೊಂದು ಮಂಡಿಯ ಮೇಲೆ ಬಿತ್ತು.

"ಈ ಕಡೆ ಬಂದು ಹೇಳಿ."

"ಬಣ್ಣ ಹಸಿ ಐತ್ರೀ. ಈಗ ಬಿಟ್ರ ಸೋರಿ ಇಳೀತೈತಿ."

"ಎಷ್ಟು ಹೊತ್ತು?"

"ಪೂರಾ ಒಣಗಾಕ... ನಾಕು ದಿನ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಆವತ್ತಿನ ನಾಲ್ಕು ದಿನ ಬೈಕೊಂಡು ಕಾದಿದ್ದೆ. ಈ ನಾಲ್ಕು ದಿನ ಬೈಯದೆ ಕಾಯ್ತೀನಿ."

"ಬೈರಿ, ನಡೀತೈತಿ" ಅಂದಿತು ಬೋರ್ಡಿನ ಬೆನ್ನಿನ ಕಡೆಯ ಧ್ವನಿ, ಮೆಲ್ಲಗೆ. "ನೀವು ಬೈಯದಿದ್ರ ಆ ಕಡೆ ಅದೀರೋ ಇಲ್ಲೋ ಅಂತ ನನಗ ಹೆಂಗ್ ತಿಳೀಬೇಕು?"